ಸಹ್ಯಾದ್ರಿಯ ಸಸ್ಯಸಂಪತ್ತಿನ ಲೆಕ್ಕ

ಮನೆಯಲ್ಲಿರುವ ಬಂಗಾರದ ತೂಕವನ್ನು ಗುಂಜಿಯ ಮಟ್ಟಿಗೂ ಬಲ್ಲ ಗೃಹಸ್ಥನಿಗೆ ಊರ ಹೊರಗಿನ ಗುಡ್ಡದ ಮೇಲೆ ಯಾವ ಗಿಡಗಳಿವೆಯೆಂಬುದು ತಿಳಿದಿರುವುದಿಲ್ಲ. ಲೆಕ್ಕವಿಡದ ಆಸ್ತಿ ಕಳೆದುಹೋದರೂ ಕಳೆದುಹೋಯಿತೆಂಬ ಅರಿವು ಯಾರಿಗೂ ಆಗುವುದಿಲ್ಲ. ಸಹ್ಯಾದ್ರಿಯ ವಿರಳ ಸಸ್ಯಗಳ ವಿಷಯದಲ್ಲಿ ಈ ಮಾತು ಸಂಪೂರ್ಣ ಸತ್ಯ. ಜುನ್ನರಿನ ಗಿರಿದುರ್ಗಗಳಿಂದ ಕೊಡಗಿನ ಕಾಡುಗಳವರೆಗೆ ಹಬ್ಬಿರುವುದು ಒಂದೇ ಪರ್ವತಶ್ರೇಣಿ. ಆದುದರಿಂದ ಪುಣೆಯ ಕನ್ನಡಿಗರಿಗೆ ಇದು ಪರರ ಮನೆಯ ಸಂಗತಿಯಲ್ಲ.

ಈ ದಿಶೆಯಲ್ಲಿ ಕಾರ್ಯವೇ ನಡೆದಿಲ್ಲವೆಂದು ಹೇಳುವಂತಿಲ್ಲ. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಚಾರ್ಯರಾಗಿದ್ದ ಥಿಯೋಡರ್ ಕುಕ್ ಅವರು ಮುಂಬಯಿ ಪ್ರಾಂತದ ಸಸ್ಯಗಳನ್ನು ಕುರಿತ ಬೃಹದ್ಗ್ರಂಥವನ್ನು 1901ರಿಂದ 1908ರವರೆಗೆ ಭಾಗಭಾಗವಾಗಿ ಪ್ರಕಟಿಸಿದರು. ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಅಂದು ಆ ಪ್ರಾಂತದಲ್ಲಿಯೇ ಇದ್ದುದರಿಂದ ಕನ್ನಡ ನಾಡಿನ ಗಿಡಗಳೂ ಅದರಲ್ಲಿ ಸ್ಥಾನ ಪಡೆದಿವೆ. ಆಘಾರಕರ ಸಂಶೋಧನ ಸಂಸ್ಥೆಯು 1946ರಿಂದಲೂ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ವಲಯ ಕೇಂದ್ರವು 1955ರಿಂದಲೂ ಪುಣೆಯಲ್ಲಿಯೇ ಇವೆ. ಒಣಗಿಸಿ ಹಾಳೆಗೆ ಅಂಟಿಸಿದ ಸಸ್ಯಗಳ ಮಾದರಿಗಳು ಈ ಸಂಸ್ಥೆಗಳಲ್ಲಿ ಜೋಪಾನವಾಗಿವೆ.

ಆದರೆ ಪಟ್ಟಿ ಬೇರೆ, ಎಣಿಕೆ ಬೇರೆ. ಇಂಥ ಗಿಡ ಇಂಥ ಬೆಟ್ಟದಲ್ಲಿ ಇತ್ತೆಂದು ಪಟ್ಟಿ ತಿಳಿಸುತ್ತದೆ. ಈ ವರ್ಷ ಎಷ್ಟು ಉಳಿದಿವೆಯೆಂಬುದನ್ನು ಎಣಿಕೆಯೊಂದೇ ತಿಳಿಸಬಲ್ಲದು. ಜುನ್ನರಿನ ಸಮೀಪ 1860ರ ದಶಕದಲ್ಲಿ ಬೆಳಕಿಗೆ ಬಂದ ಫ್ರೇರಿಯಾ ಇಂಡಿಕಾ ಎಂಬ ಸಸ್ಯಕ್ಕೆ ಮುಂಬಯಿಯ ಗವರ್ನರ್ ಬಾರ್ಟಲ್ ಫ್ರೇರ್ ಅವರ ಹೆಸರನ್ನಿಡಲಾಯಿತು. ಕಡಿದಾದ ಬಂಡೆಗಳ ಸಂದುಗಳಲ್ಲಿ ಬೇರೂರುವ ಈ ಗಿಡವು ಬೇಸಿಗೆಯಲ್ಲಿ ಎಲೆಗಳನ್ನು ಉದುರಿಸಿ, ರಸಭರಿತವಾದ ಕಾಂಡದ ಬಲದಿಂದ ಜೀವ ಹಿಡಿದಿರುತ್ತದೆ. ಕಂದೀಲಿನಾಕಾರದ ಹೂ ಬಿಡುವ ಸೆರೋಪೀಜಿಯಾ ಜಾತಿಯ ಬಳ್ಳಿಗಳಂತೂ ಬೇಸಿಗೆಯಲ್ಲಿ ನೆಲದೊಳಗಿನ ಗೆಡ್ಡೆಗಳಾಗಿ ಮಲಗಿರುತ್ತವೆ. ಬೇಸಿಗೆಯಲ್ಲಿ ಒಮ್ಮೆ ಬೆಟ್ಟವೇರಿ ಬಂದು "ಇಲ್ಲಿ ಏನೂ ಇಲ್ಲ" ಎಂದು ಬರೆದುಕೊಂಡರೆ ಅದು ತಪ್ಪು ಲೆಕ್ಕವೇ ಸರಿ. ಮರಗಳನ್ನೂ ಬೆಂಕಿಯ ಹಾನಿಯನ್ನೂ ಬೇಸಿಗೆಯಲ್ಲಿ ನೋಡಬೇಕು. ಬಳ್ಳಿ, ಮೂಲಿಕೆಗಳನ್ನು ಮಳೆಗಾಲದಲ್ಲಿ ನೋಡಬೇಕು. ಅದೇ ಸ್ಥಳಕ್ಕೆ ಮರುವರ್ಷವೂ ಹೋಗಬೇಕು.

ಇಷ್ಟೊಂದು ಶ್ರಮದಿಂದ ಮನುಷ್ಯನಿಗೇನು ಪ್ರಯೋಜನವೆಂದು ವ್ಯವಹಾರಜ್ಞರು ಕೇಳಬಹುದು. ಅದಕ್ಕೆ ಒಂದು ಮರವೇ ಉತ್ತರ ಕೊಡುತ್ತದೆ. ಮಹಾರಾಷ್ಟ್ರದಲ್ಲಿ ನರಕ್ಯಾ ಎಂದೂ ಕನ್ನಡದಲ್ಲಿ ದುರ್ವಾಸನೆ ಮರವೆಂದೂ ಕರೆಯಲ್ಪಡುವ ಈ ಸಣ್ಣ ಮರವನ್ನು ಅದರ ವಾಸನೆಗಾಗಿ ಜನ ದೂರವಿಡುತ್ತಿದ್ದರು. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರದಲ್ಲಿ ಜನಿಸಿದ ಮನಸುಖ ವಾಣಿ ಅವರು ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದೇ ದ್ರವ್ಯವು ನಮ್ಮ ದುರ್ವಾಸನೆ ಮರದಲ್ಲಿಯೂ ಇದೆಯೆಂದು 1972ರಲ್ಲಿ ಭಾರತೀಯ ವಿಜ್ಞಾನಿಗಳಾದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿಕೊಟ್ಟರು. ಅದರಿಂದ ರೂಪುಗೊಂಡ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಇಂದು ಅಂಡಾಶಯ, ಶ್ವಾಸಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗಳ ಚಿಕಿತ್ಸೆಯಲ್ಲಿ ಇವುಗಳ ಬಳಕೆಯಿದೆ. ಮೂಲದ್ರವ್ಯವು ತೀಕ್ಷ್ಣವಾದ ವಿಷವಾದುದರಿಂದ ಈ ಮರದ ತೊಗಟೆಯನ್ನು ಕಷಾಯ ಮಾಡಿ ಕುಡಿಯುವ ಸಾಹಸಕ್ಕೆ ಯಾರೂ ಕೈಹಾಕಬಾರದು.

ಮರದ ಬೆಲೆ ತಿಳಿದೊಡನೆ ಕೊಡಲಿಗಳು ಎದ್ದವು. ಬೇಡಿಕೆ ಏರಿದಂತೆ ಸಹ್ಯಾದ್ರಿಯಲ್ಲಿ ಈ ಮರಗಳು ದೊಡ್ಡ ಪ್ರಮಾಣದಲ್ಲಿ ಉರುಳಿದವು. ಕಡಿಯುವ ಮೊದಲು ಪ್ರತಿಯೊಂದು ಕಾಡಿನಲ್ಲಿಯೂ ಎಣಿಕೆಯಾಗಿದ್ದರೆ, ಎಷ್ಟು ಕೊಯ್ಯಬಹುದು, ಎಷ್ಟು ಬಿಡಬೇಕು ಎಂಬ ಮಿತಿಯನ್ನು ವಿಧಿಸಬಹುದಾಗಿತ್ತು. ಅಸಲನ್ನೇ ತಿಂದು ಮುಗಿಸಿದವನಿಗೆ ಬಡ್ಡಿ ಬರುವುದೆಲ್ಲಿಂದ?

ಹಾಗಾದರೆ ಮಾಡತಕ್ಕದ್ದೇನು? 2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಊರೂರಿನಲ್ಲಿಯೂ ಜೀವವೈವಿಧ್ಯ ಸಮಿತಿಗಳು ಇರಬೇಕು. ಜನರ ತಿಳಿವಳಿಕೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಇಂಥ ದಾಖಲೆ ಒಮ್ಮೆ ಬರೆದು ಕಪಾಟಿನಲ್ಲಿಡುವ ಕಾಗದವಾಗದೆ, ವರ್ಷವರ್ಷವೂ ತಿದ್ದಲ್ಪಡುವ ಖಾತೆ ಪುಸ್ತಕವಾಗಬೇಕು. ಅದಕ್ಕೆ ಬೇಕಾದ ಹಣವನ್ನು ಸರಕಾರವೂ, ಗಿಡಮೂಲಿಕೆಗಳಿಂದ ಲಾಭ ಪಡೆಯುವ ಉದ್ಯಮಗಳೂ ಒದಗಿಸುವುದು ನ್ಯಾಯ.

ಸಾಮಾನ್ಯ ನಾಗರಿಕರ ಪಾಲೂ ಕಡಿಮೆಯದಲ್ಲ. ರಜೆಯಲ್ಲಿ ಸಿಂಹಗಡವನ್ನೋ ಭೀಮಾಶಂಕರವನ್ನೋ ಏರುವ ಕುಟುಂಬಗಳು ಗೆಡ್ಡೆ ಕೀಳದೆ, ಒಣಹುಲ್ಲಿನ ಬಳಿ ಬೆಂಕಿ ಹೊತ್ತಿಸದೆ ಬಂದರೆ ಅದೇ ಮೊದಲ ಸೇವೆ. ಕಾಲೇಜಿನ ಮಕ್ಕಳು ಅನುಮತಿ ಪಡೆದು ತಜ್ಞರೊಂದಿಗೆ ಹೋಗಿ, ಗಿಡವನ್ನು ಕೀಳದೆ ಚಿತ್ರ ತೆಗೆದು, ದಿನಾಂಕದೊಡನೆ ಎಣಿಕೆ ಬರೆದುಕೊಂಡರೆ ಅದು ಎರಡನೆಯ ಸೇವೆ. ಮೂರನೆಯದು ಪುಣೆಯ ಕನ್ನಡಿಗರಿಗೇ ವಿಶೇಷವಾಗಿ ಸಾಧ್ಯವಾದುದು. ಒಂದೇ ಮರಕ್ಕೆ ಘಟ್ಟದ ಉತ್ತರದಲ್ಲೊಂದು ಹೆಸರು, ದಕ್ಷಿಣದಲ್ಲೊಂದು ಹೆಸರು. ಎರಡು ಭಾಷೆಗಳನ್ನೂ ಬಲ್ಲವರು ಮಾತ್ರ ಅವೆರಡನ್ನೂ ಜೋಡಿಸಬಲ್ಲರು. ಊರಿನ ಹಿರಿಯರ ನಾಲಗೆಯ ಮೇಲಿರುವ ಗಿಡಗಳ ಹೆಸರುಗಳನ್ನು ಕೇಳಿ, ಮರಾಠಿ ಹೆಸರಿನ ಜೊತೆಗಿರಿಸಿ ಬರೆದಿಡುವ ಕೆಲಸವನ್ನು ಕನ್ನಡ ಸಂಘಗಳು ಈ ವರ್ಷವೇ ಆರಂಭಿಸುವುದು ಉಚಿತ. ಆ ಹಿರಿಯರೂ ಆ ಗಿಡಗಳೂ ಬಹುಕಾಲ ಕಾಯಲಾರವು.