ಸಾಕ್ಷಿ ಎಲ್ಲಿ ಮಗಾ?

ನನ್ನ ರೂಮ್‌ಮೇಟ್ ವಿಮಾನದಿಂದ ಜಿಗಿದು ಬಂದ. ಸುಳ್ಳಲ್ಲ, ನಿಜವಾಗಿಯೂ ಜಿಗಿದ. ಎರಡು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಸ್ಕೈಡೈವಿಂಗ್ ಶಿಬಿರವೊಂದಕ್ಕೆ ಹೋಗಿ, ಬೋಧಕರ ಎದೆಗೆ ತನ್ನ ಬೆನ್ನು ಬಿಗಿಸಿಕೊಂಡು ಹಾರಿದ. ಭಾನುವಾರ ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆ ಹಿಡಿದು ಕೂತಾಗ ಅವನ ಕಣ್ಣು ಇನ್ನೂ ಮೇಲೆಯೇ ಇತ್ತು. ಸುತ್ತ ಸೇರಿದವರು ಕೇಳಿದ ಮೊದಲ ಮಾತು "ಹೇಗಿತ್ತು?" ಎಂದಲ್ಲ, "ವಿಡಿಯೊ ತೋರ್ಸು" ಎಂದು. ಇಲ್ಲ ಅಂದ. "ಸಾಕ್ಷಿ ಎಲ್ಲಿ ಮಗಾ? ಸಾಕ್ಷಿ ಇಲ್ಲ ಅಂದ್ರೆ ಹಾರಿಲ್ಲ ಬಿಡು" ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು. ಇವನು ಅನ್ನ ಸಾರು ಕಲಸುತ್ತಾ ಸುಮ್ಮನಾದ.

ವಿಡಿಯೊ ಇಲ್ಲದೇ ಹೋದದ್ದರಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಈ ಬರಹ.

ಜಿಗಿತದ ಶುಲ್ಕವೇ ಅವನ ಉಳಿತಾಯವನ್ನೆಲ್ಲ ನುಂಗಿತ್ತು. ವಿಡಿಯೊ ಬೇಕಿದ್ದರೆ ಅದಕ್ಕೆ ಬೇರೆ ಹಣ ಕಟ್ಟಬೇಕಿತ್ತು. ಅಷ್ಟು ಕಟ್ಟುವುದು ಅವನಿಂದ ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ನಾವು ನಾಲ್ವರು ಮೆಕ್ಯಾನಿಕಲ್ ಹುಡುಗರು ಮಿನಿ ಪ್ರಾಜೆಕ್ಟಿಗೆಂದು ಹೆಲ್ಮೆಟ್ಟಿಗೆ ಗೋಪ್ರೊ ಕೂರಿಸುವ ಒಂದು ಹಿಡಿಯನ್ನು 3ಡಿ ಪ್ರಿಂಟರಿನಲ್ಲಿ ಮಾಡಿದ್ದೆವು. ಬೈಕಿನಲ್ಲಿ ಪರೀಕ್ಷೆ ಮಾಡಿದ್ದೆವು, ಅಲುಗಾಡಿರಲಿಲ್ಲ. ಆಕಾಶದಲ್ಲೂ ಪರೀಕ್ಷೆ ಆದರೆ ವರದಿಗೆ ಎಂಥ ಚಿತ್ರ ಸಿಗುತ್ತದೆ, ರೆಸ್ಯೂಮೆಯಲ್ಲಿ ಎಂಥ ಸಾಲು ಬರೆಯಬಹುದು! "ಅವರು ಕೇಳಿದ್ರೆ ಬೇಡ ಅಂತಾರೆ. ಕ್ಯಾಮೆರಾನ ಜಾಕೆಟ್ ಒಳಗೆ ಇಟ್ಕೊಂಡು ಹೋಗು, ವಿಮಾನ ಹತ್ತಿದ ಮೇಲೆ ಸಿಕ್ಕಿಸ್ಕೋ" ಎಂದು ಹೇಳಿಕೊಟ್ಟವನು ನಾನೇ.

ವಿಮಾನ ಹತ್ತುವ ಮುಂಚೆ ಪಟ್ಟಿಗಳನ್ನೆಲ್ಲ ಎಳೆದು ನೋಡುವಾಗ ಬೋಧಕರ ಕೈಗೆ ಅದು ತಗುಲಿತು. ತೆಗೆದು ಪಕ್ಕಕ್ಕಿಟ್ಟರು. ಬಯ್ಯಲಿಲ್ಲವಂತೆ. "ಇದು ನಿನಗಲ್ಲ ತಮ್ಮಾ, ನನ್ನ ಪ್ರಾಣಕ್ಕೂ ಸಂಬಂಧಪಟ್ಟದ್ದು" ಎಂದಷ್ಟೇ ಅಂದರಂತೆ. ಅವನು ಬಂದು ಇದನ್ನು ಹೇಳಿದಾಗ ನನಗೆ ಸಿಟ್ಟೇ ಬಂತು. ವಿಡಿಯೊ ಮಾರುವವರಿಗೆ ನಮ್ಮ ಕ್ಯಾಮೆರಾ ಕಂಡರೆ ಹೊಟ್ಟೆಯುರಿ, ವ್ಯಾಪಾರ ಕೆಡುತ್ತದಲ್ಲ ಎಂದುಕೊಂಡೆ. ಆ ಸಿಟ್ಟು ಇಳಿದದ್ದು ಪ್ರಾಜೆಕ್ಟಿನ ಮೊದಲ ಪರಿಶೀಲನೆಯ ದಿನ. ನಮ್ಮ ಗೈಡ್ ಆ ಹಿಡಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಗಟ್ಟಿಯಾಗೇನೋ ಇದೆ. ಏನಾದರೂ ಇದಕ್ಕೆ ಸುತ್ತಿಕೊಂಡರೆ ಹೇಗೆ ಬಿಡಿಸಿಕೊಳ್ತೀರಿ?" ಎಂದು ಕೇಳಿದರು. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಉತ್ತರ ಹುಡುಕುತ್ತಾ ಹೋದಾಗಲೇ ಸ್ಕೈಡೈವರ್ ಬೆನ್ನಿಗೆ ಹೊರುವ ಆ ಚೀಲದಲ್ಲಿ ಏನೇನಿದೆ ಎಂದು ನನಗೆ ತಿಳಿದದ್ದು. ಅದರಲ್ಲಿ ಇರುವುದು ಒಂದಲ್ಲ, ಎರಡು ಪ್ಯಾರಾಚೂಟು. ಮುಖ್ಯದ್ದು ಕೆಟ್ಟರೆ ಅದನ್ನು ಕಳಚಿ ಎಸೆದು ಮೀಸಲು ಪ್ಯಾರಾಚೂಟು ಬಿಚ್ಚಬೇಕು. ಕಳಚುವುದು ಹೇಗೆ? ಹೆಗಲಿನ ಬಳಿ ದೊಡ್ಡದು, ಮಧ್ಯಮ, ಚಿಕ್ಕದು ಎಂದು ಮೂರು ಉಂಗುರಗಳಿವೆ. ಒಂದರೊಳಗೆ ಒಂದು ತೂರಿ ಮಡಚಿಕೊಂಡಿರುತ್ತವೆ. ಪ್ರತಿ ಉಂಗುರವೂ ಸನ್ನೆಗೋಲಿನಂತೆ ಕೆಲಸ ಮಾಡಿ ಭಾರವನ್ನು ಇಳಿಸುತ್ತಾ ಹೋಗುತ್ತದೆ. ಇಡೀ ಮನುಷ್ಯನನ್ನು ಹಿಡಿದಿರುವ ಭಾರ ಕೊನೆಗೆ ಒಂದು ತೆಳು ದಾರದ ಕುಣಿಕೆಗೆ ಬಂದು ನಿಲ್ಲುವಾಗ ಬೆರಳಲ್ಲಿ ಹಿಡಿಯುವಷ್ಟಾಗಿರುತ್ತದೆ. ಕುಣಿಕೆಯೊಳಗಿನ ತಂತಿಯನ್ನು ಎಳೆದರೆ ಸಾಕು, ಮೂರೂ ಬಿಚ್ಚಿಕೊಳ್ಳುತ್ತವೆ. 1970ರ ದಶಕದಲ್ಲಿ ಅಮೆರಿಕದ ಬಿಲ್ ಬೂತ್ ಕಂಡುಹಿಡಿದದ್ದು ಇದು. ಮೊದಲ ವರ್ಷದ ಇಂಜಿನಿಯರಿಂಗ್ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಸನ್ನೆಗೋಲಿಗೆ ಇದೇ ಉದಾಹರಣೆ ಕೊಟ್ಟಿದ್ದರೆ ನನಗೆ ಆ ಪೇಪರಿನಲ್ಲಿ ಬ್ಯಾಕ್‌ಲಾಗ್ ಉಳಿಯುತ್ತಿರಲಿಲ್ಲವೇನೋ.

ಮೀಸಲು ಪ್ಯಾರಾಚೂಟನ್ನು ಯಾರೆಂದರವರು ಮಡಚುವಂತಿಲ್ಲ. ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಪಡೆದ ರಿಗ್ಗರ್ ಇರುತ್ತಾರೆ. ಪ್ರತಿ 180 ದಿನದೊಳಗೆ ಬಿಚ್ಚಿ, ನೋಡಿ, ಮತ್ತೆ ಮಡಚಿ, ದಾರ ಕಟ್ಟಿ ಸೀಲು ಒತ್ತಬೇಕು. ಇದೆಲ್ಲದರ ಜೊತೆಗೆ ಒಂದು ಪುಟ್ಟ ಯಂತ್ರವೂ ಇದೆ. ಜರ್ಮನಿಯ ಹೆಲ್ಮುಟ್ ಕ್ಲೋಟ್ ರೂಪಿಸಿದ ಸೈಪ್ರೆಸ್ 1991ರಲ್ಲಿ ಬಂತು. ಗಾಳಿಯ ಒತ್ತಡ ಅಳೆದು, ನೆಲಕ್ಕೆ ಸುಮಾರು 225 ಮೀಟರ್ ಇರುವಾಗಲೂ ಮನುಷ್ಯ ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ, ಪ್ರಜ್ಞೆ ತಪ್ಪಿದ್ದಾನೆ ಅಥವಾ ಮರೆತಿದ್ದಾನೆ ಎಂದು ತೀರ್ಮಾನಿಸಿ ತಾನೇ ಮೀಸಲು ಚೀಲದ ಕುಣಿಕೆ ಕತ್ತರಿಸಿಬಿಡುತ್ತದೆ. (ನಮ್ಮಲ್ಲೂ ಈ ವಿದ್ಯೆಗೆ ಜಾಗವಿದೆ ಎಂಬುದು ಕೆಲಸ ಹುಡುಕುವವರ ಗಮನಕ್ಕೆ: ಗಗನಯಾನದ ಗಗನಯಾತ್ರಿಗಳ ಕೋಶವನ್ನು ಇಳಿಸುವ ಪ್ಯಾರಾಚೂಟುಗಳಲ್ಲಿ ಇಸ್ರೊ ಜೊತೆ ಆಗ್ರಾದ ಡಿಆರ್‌ಡಿಒ ಪ್ರಯೋಗಾಲಯದ ಕೈಯಿದೆ.)

ಇಷ್ಟು ಜನ, ಇಷ್ಟು ವರ್ಷ ತಲೆ ಕೆಡಿಸಿಕೊಂಡು ಕಟ್ಟಿದ ಈ ವ್ಯವಸ್ಥೆಯ ಎದುರು ನಮ್ಮ ಪ್ಲಾಸ್ಟಿಕ್ ಹಿಡಿಯನ್ನು ಇಟ್ಟು ನೋಡಿ. ಪ್ಯಾರಾಚೂಟು ಬಿಚ್ಚಿಕೊಳ್ಳುವಾಗ ಅದರ ದಾರಗಳು ಬೆನ್ನಿನಿಂದ ಮೇಲೆದ್ದು ಹೆಗಲು, ತಲೆಯ ಪಕ್ಕದಲ್ಲೇ ಹಾಯುತ್ತವೆ. ನಮ್ಮ ಹಿಡಿ ನಿಂತಿರುವುದೂ ಅಲ್ಲೇ, ತಲೆಯ ಮೇಲೆ, ಕೊಕ್ಕೆಯ ಹಾಗೆ. ಒಂದು ದಾರ ಅದಕ್ಕೆ ಸುತ್ತಿಕೊಂಡರೆ, ಮೂರು ಉಂಗುರ ಬಿಚ್ಚಿದರೂ ಕೆಟ್ಟ ಪ್ಯಾರಾಚೂಟು ಬಿಟ್ಟುಹೋಗುವುದಿಲ್ಲ. ಅದರೊಳಗೆ ಮೀಸಲನ್ನು ಬಿಚ್ಚಿದರೆ ಎರಡೂ ಹೆಣೆದುಕೊಳ್ಳುತ್ತವೆ. ಜೊತೆಗೆ ಬಿಚ್ಚುವಾಗಿನ ಎಳೆತಕ್ಕೆ ತಲೆಯ ಮೇಲಿನ ಅರ್ಧ ಕಿಲೋ ಕುತ್ತಿಗೆಗೆ ಹಲವು ಪಟ್ಟು ಭಾರವಾಗುತ್ತದೆ. ನಾವು "ಎಷ್ಟು ಗಟ್ಟಿ" ಎಂದು ಹೆಮ್ಮೆಪಟ್ಟದ್ದೇ ಅದರ ದೋಷ. ಪರಿಣತರ ಕ್ಯಾಮೆರಾ ಹೆಲ್ಮೆಟ್ಟುಗಳಲ್ಲಿ ಒಂದೇ ಕೈಯಲ್ಲಿ ಎಳೆದು ಹೆಲ್ಮೆಟ್ಟನ್ನೇ ಕಳಚಿ ಎಸೆಯುವ ವ್ಯವಸ್ಥೆ ಇರುತ್ತದೆ. ಬೈಕಿನಲ್ಲಿ ಪರೀಕ್ಷೆ ಮಾಡಿದ ನಮಗೆ ಅದು ಹೊಳೆದೇ ಇರಲಿಲ್ಲ. ಇದಕ್ಕೆ ನಮ್ಮ ರೂಮ್‌ಮೇಟಿನ ತಲೆ ಮಾತ್ರವಲ್ಲ, ಅವನಿಗೆ ಕಟ್ಟಿಕೊಂಡ ಇನ್ನೊಬ್ಬರ ತಲೆಯೂ ಒತ್ತೆಯಾಗುತ್ತಿತ್ತು. ಆ ಬೋಧಕರಿಗೂ ಮನೆ ಇದ್ದೀತು, ಮಕ್ಕಳಿದ್ದಾರು.

ಕೊಕ್ಕೆಗಿಂತ ದೊಡ್ಡ ತೊಂದರೆ ಗಮನದ್ದು. ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯ ಗಂಟೆಗೆ ಹತ್ತಿರ ಹತ್ತಿರ 200 ಕಿಲೋಮೀಟರ್ ವೇಗ ಮುಟ್ಟುತ್ತಾನೆ, ಅಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿದೆಯೇ, ಮುಖ ಸರಿಯಾಗಿ ಬರುತ್ತಿದೆಯೇ ಎಂದು ಐದು ಸೆಕೆಂಡ್ ಯೋಚಿಸಿದರೆ 275 ಮೀಟರ್ ಹೋಯಿತು. ಸೈಪ್ರೆಸ್ ಕತ್ತರಿಸುವ ಎತ್ತರದಲ್ಲಿ ನೆಲಕ್ಕೆ ಉಳಿದಿರುವುದೇ ನಾಲ್ಕು ಸೆಕೆಂಡ್. 1988ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 35 ವರ್ಷದ, 800ಕ್ಕೂ ಹೆಚ್ಚು ಬಾರಿ ಜಿಗಿದಿದ್ದ ಒಬ್ಬ ಅನುಭವಿ, ಬೇರೆಯವರ ಜಿಗಿತವನ್ನು ಚಿತ್ರೀಕರಿಸಲು ಹೆಲ್ಮೆಟ್ ಕ್ಯಾಮೆರಾ, ರೆಕಾರ್ಡರ್ ಎಲ್ಲ ಕಟ್ಟಿಕೊಂಡು ಹಾರಿದರು. ಪ್ಯಾರಾಚೂಟು ಮಾತ್ರ ಹಾಕಿಕೊಂಡಿರಲಿಲ್ಲ. ರೆಕಾರ್ಡರಿನ ಭಾರವನ್ನೇ ಪ್ಯಾರಾಚೂಟಿನ ಭಾರವೆಂದು ಭಾವಿಸಿರಬೇಕು ಎಂದು ಆಮೇಲೆ ಊಹಿಸಲಾಯಿತು. ಉಳಿದವರ ಪ್ಯಾರಾಚೂಟು ಬಿಚ್ಚಿಕೊಂಡದ್ದನ್ನು ಅವರ ಕ್ಯಾಮೆರಾ ಕೊನೆಯವರೆಗೂ ಹಿಡಿಯಿತು. 800 ಬಾರಿ ಹಾರಿದವರಿಗೇ ಹಾಗಾದರೆ ಮೊದಲ ಬಾರಿ ಹಾರುವ ನಮ್ಮ ಹುಡುಗನ ಗತಿ?

ಅಮೆರಿಕದ ಪ್ಯಾರಾಚೂಟ್ ಸಂಘ 200 ಜಿಗಿತ ಆಗುವವರೆಗೆ ಕ್ಯಾಮೆರಾ ಕಟ್ಟಬೇಡಿ ಎಂದು ಶಿಫಾರಸು ಮಾಡುತ್ತದೆ. ಮೊದಲು ಓದಿದಾಗ ಇದು ದೊಡ್ಡವರು ಚಿಕ್ಕವರಿಗೆ ಹಾಕುವ ಬೇಲಿ, "ಎರಡು ವರ್ಷ ಅನುಭವ ಬೇಕು" ಎನ್ನುವ ಕೆಲಸದ ಜಾಹೀರಾತಿನ ಹಾಗೆ ಎನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ.

ಹಾಗೆಂದು ನಾನು ಕ್ಯಾಮೆರಾ ವಿರೋಧಿಯಲ್ಲ. ನಾಲ್ಕು ಜನ ಕೈ ಕೈ ಹಿಡಿದು ಆಕಾಶದಲ್ಲಿ ಆಕಾರ ಮಾಡುವ ಸ್ಪರ್ಧೆಯಲ್ಲಿ ಐದನೆಯವರು ಇರುತ್ತಾರೆ, ವಿಡಿಯೊ ತೆಗೆಯುವವರು. ಅವರೂ ತಂಡದ ಸದಸ್ಯರೇ. ತೀರ್ಪು ಕೊಡುವುದೇ ಅವರ ಚಿತ್ರ ನೋಡಿ, ಅವರು ತಪ್ಪಿದರೆ ತಂಡದ ಅಂಕ ಹೋಗುತ್ತದೆ. ಕಾರ್ಲ್ ಬೇನಿಶ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ ಕೆಲಸ ಬಿಟ್ಟು ಹೆಲ್ಮೆಟ್ಟಿಗೆ ಫಿಲ್ಮ್ ಕ್ಯಾಮೆರಾ ಕಟ್ಟಿಕೊಂಡು ಹಾರಿದ್ದರಿಂದಲೇ ಆಕಾಶದಲ್ಲಿ ಬೀಳುವುದು ಹೇಗಿರುತ್ತದೆ ಎಂದು ನೆಲದ ಮೇಲಿದ್ದ ಎಷ್ಟೋ ಜನ ಕಂಡರು. ಕ್ಯಾಮೆರಾ ಅಲ್ಲಿ ಒಂದು ಕೆಲಸ. ನಮ್ಮ ಕೈಯಲ್ಲಿ ಅದು ಒಡವೆ.

ಒಡವೆಯಾದಾಗ ಕ್ಯಾಮೆರಾಕ್ಕಾಗಿಯೇ ಘಟನೆ ನಡೆಯತೊಡಗುತ್ತದೆ. 2021ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಯೂಟ್ಯೂಬರ್ ಟ್ರೆವರ್ ಜೇಕಬ್ ಪುಟ್ಟ ವಿಮಾನಕ್ಕೆ ಸುತ್ತಲೂ ಕ್ಯಾಮೆರಾ ಕಟ್ಟಿ, ಎಂಜಿನ್ ಕೆಟ್ಟಿತೆಂದು ಹೇಳಿ, ಸೆಲ್ಫಿ ಸ್ಟಿಕ್ ಹಿಡಿದು ಪ್ಯಾರಾಚೂಟಿನಲ್ಲಿ ಹಾರಿದ. ವಿಮಾನ ಕಾಡಿನಲ್ಲಿ ಬಿತ್ತು. ಬೇಕೆಂದೇ ಬೀಳಿಸಿದ್ದು ಎಂದು ಗೊತ್ತಾಗಿ ಪೈಲಟ್ ಪರವಾನಗಿ ಹೋಯಿತು, ಅವಶೇಷ ನಾಶಮಾಡಿ ತನಿಖೆಗೆ ಅಡ್ಡಿಪಡಿಸಿದ್ದಕ್ಕೆ 2023ರಲ್ಲಿ ಆರು ತಿಂಗಳ ಶಿಕ್ಷೆಯಾಯಿತು. ಅದು ಒಂದು ಪರ್ಸ್ ಕಂಪನಿಯ ಪ್ರಾಯೋಜಿತ ವಿಡಿಯೊ.

ಅಷ್ಟು ದೂರ ಯಾಕೆ ಹೋಗಬೇಕು? 2016ರ ನವೆಂಬರ್ 7ರಂದು ನಾನು ಆರನೇ ಕ್ಲಾಸಿನಲ್ಲಿದ್ದೆ. ಶಾಲೆಯಿಂದ ಬಂದರೆ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ನಿಂತಿದ್ದರು, ಕೂತಿರಲಿಲ್ಲ. 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ತಮಗೆ ಈಜು ಅಷ್ಟಾಗಿ ಬಾರದೆಂದು ಜಿಗಿಯುವ ಮುಂಚೆ ಅವರು ಕ್ಯಾಮೆರಾಗಳ ಮುಂದೆಯೇ ಹೇಳಿದ್ದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಸುತ್ತ ಕ್ಯಾಮೆರಾಗಳಿಗೆ ಕೊರತೆ ಇರಲಿಲ್ಲ. ಅವರು ಬೀಳುವ ದೃಶ್ಯವನ್ನು ಆ ರಾತ್ರಿಯಿಡೀ ತೋರಿಸಿದರು, ನಾವು ಊಟ ಮಾಡುತ್ತಾ ನೋಡಿದೆವು. ನನ್ನ ಅಜ್ಜಿ ಒಬ್ಬರೇ ಎದ್ದು ಒಳಗೆ ಹೋದರು. "ಜಾಕೆಟ್ ಒಳಗೆ ಇಟ್ಕೊಂಡು ಹೋಗು" ಎಂದು ಹೇಳುವಾಗ ನನಗೆ ಇದೊಂದೂ ನೆನಪಾಗಲಿಲ್ಲ. ಅದು ನನ್ನನ್ನು ಈಗಲೂ ಕೊರೆಯುತ್ತದೆ.

ಹೀಗಾಗಿ ಶಿಬಿರ ನಡೆಸುವವರಲ್ಲಿ ಒಂದು ಮಾತು ಕೇಳಬೇಕು. ಗಿರಾಕಿಗಳ ಕ್ಯಾಮೆರಾ ಕಿತ್ತಿಡುವುದು ಸರಿ, ನೂರಕ್ಕೆ ನೂರು ಸರಿ. ಆದರೆ ವಿಡಿಯೊವನ್ನು ಬೇರೆ ಪ್ಯಾಕೇಜು ಮಾಡಿ ಮಾರುವವರೆಗೂ ನಮ್ಮಂಥವರು ಬಚ್ಚಿಟ್ಟುಕೊಂಡು ಬರುತ್ತಲೇ ಇರುತ್ತಾರೆ. ಎಲ್ಲರನ್ನೂ ಬೋಧಕರು ಮುಟ್ಟಿ ನೋಡಿ ಹಿಡಿಯುತ್ತಾರೆ ಎಂಬ ಭರವಸೆ ಇಲ್ಲ. ತರಬೇತಿ ಪಡೆದ ಬೋಧಕರ ಮಣಿಕಟ್ಟಿನ ಕ್ಯಾಮೆರಾದಲ್ಲಿ ತೆಗೆದ ಎರಡು ನಿಮಿಷದ ಚಿತ್ರವನ್ನು ಜಿಗಿತದ ಶುಲ್ಕದಲ್ಲೇ ಸೇರಿಸಿಬಿಡಿ. ಶುಲ್ಕ ಒಂದಿಷ್ಟು ಏರಲಿ. ಸಂಗೀತ ಹಾಕಿ, ಹೆಸರು ಕುಣಿಸಿ ಮಾಡುವ ದೊಡ್ಡ ವಿಡಿಯೊಗೆ ಬೇಕಾದರೆ ಬೇರೆ ದರ ಇಟ್ಟುಕೊಳ್ಳಿ. ಯಾಕೆ ಹೊರಗಿನ ಕ್ಯಾಮೆರಾ ಬೇಡ ಎಂಬುದನ್ನೂ ಸಹಿ ಹಾಕಿಸುವ ಅರ್ಜಿಯ ಸಣ್ಣಕ್ಷರದಲ್ಲಿ ಹುದುಗಿಸದೆ, ಒಂದು ತುಂಡು ದಾರ ಹೆಲ್ಮೆಟ್ಟಿಗೆ ಸುತ್ತಿ ತೋರಿಸಿ. ನನಗೆ ಅಷ್ಟು ತೋರಿಸಿದ್ದರೆ ಸಾಕಿತ್ತು.

ನಮ್ಮ ಹಾಸ್ಟೆಲಿನವರಿಗೆ ಏನು ಹೇಳುವುದೋ ತಿಳಿಯದು. ಹಿಂದೆ ಯಾರಾದರೂ ಮುಳ್ಳಯ್ಯನಗಿರಿ ಹತ್ತಿ ಬಂದರೆ ಬಾಯಿಂದಲೇ ಕೇಳಿ ನಂಬುತ್ತಿದ್ದರಲ್ಲ. ಆ ಭಾನುವಾರ ರಾತ್ರಿ ದೀಪ ಆರಿಸಿದ ಮೇಲೆ ನಾನೇ ಅವನನ್ನು ಕೇಳಿದೆ, ಹೇಗಿತ್ತೋ ಎಂದು. ಬಹಳ ಹೊತ್ತು ಮಾತಾಡಿದ. ಬಾಗಿಲು ತೆರೆದಾಗ ಚಳಿ ಮುಖಕ್ಕೆ ಹೊಡೆದದ್ದು, ಬೀಳುತ್ತಿರುವುದೇ ಗೊತ್ತಾಗದೆ ಬರೀ ಗಾಳಿಯ ಸದ್ದು ಕೇಳಿದ್ದು, ಪ್ಯಾರಾಚೂಟು ಬಿಚ್ಚಿಕೊಂಡ ಕೂಡಲೇ ಬಿದ್ದ ಮೌನದಲ್ಲಿ ಬೋಧಕರು "ಊಟಕ್ಕೆ ಏನು ಮಾಡಿದ್ದಾರೋ" ಎಂದು ತಮ್ಮಷ್ಟಕ್ಕೆ ಅಂದುಕೊಂಡದ್ದು. ಇದ್ಯಾವುದೂ ನಮ್ಮ ಗೋಪ್ರೊದಲ್ಲಿ ಬರುತ್ತಿರಲಿಲ್ಲ.

ಹಿಡಿಯನ್ನು ಮತ್ತೆ ವಿನ್ಯಾಸ ಮಾಡಿದ್ದೇವೆ. ಬುಡದಲ್ಲಿ ಒಂದು ತೆಳ್ಳನೆಯ ಪಿನ್ನು, ಮಿತಿ ಮೀರಿ ಎಳೆದರೆ ಅದು ಮುರಿದು ಕ್ಯಾಮೆರಾ ಕಳಚಿಕೊಳ್ಳಬೇಕು. ಲ್ಯಾಬಿನಲ್ಲಿ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆಯುತ್ತಿದ್ದೇವೆ. ಇದುವರೆಗಿನ ಹನ್ನೊಂದು ಪಿನ್ನುಗಳಲ್ಲಿ ಏಳು ಲೆಕ್ಕ ಹಾಕಿದಲ್ಲಿ ಮುರಿದವು, ನಾಲ್ಕು ಮುರಿಯಲಿಲ್ಲ. ವೈವಾ ಮುಂದಿನ ಗುರುವಾರ ಇದೆ. ವರದಿಯಲ್ಲಿ ಆ ನಾಲ್ಕನ್ನೂ ಬರೆಯುತ್ತಿದ್ದೇವೆ.