ಝರಗೋಸಾ ಬೀದಿಯ ಜೂಲಿಯ ಮನೆ

ಫ್ಲಾರಿಡಾಕ್ಕೆ ರಜೆ ಕಳೆಯಲು ಹೊರಡುವ ನಮ್ಮವರ ಪ್ರವಾಸ ಸಾಮಾನ್ಯವಾಗಿ ಒರ್ಲಾಂಡೊ, ಮಯಾಮಿಗಳಲ್ಲೇ ಮುಗಿಯುತ್ತದೆ. ಆ ರಾಜ್ಯದ ಪಶ್ಚಿಮ ತುದಿಯ ಪೆನ್ಸಕೋಲಾಕ್ಕೆ ಹೋದರೂ ಅದು ಬಿಳಿ ಮರಳಿನ ಕಡಲತೀರಕ್ಕಾಗಿ. ಊರೊಳಗಿನ ಹಳೆಯ ಸ್ಪ್ಯಾನಿಷ್ ಕೇರಿಗೆ ಒಂದು ಮಧ್ಯಾಹ್ನವನ್ನಾದರೂ ಮೀಸಲಿಡಬೇಕು. ಟ್ರಿಸ್ಟಾನ್ ಡಿ ಲೂನಾ 1559ರಲ್ಲಿ ಇಲ್ಲಿ ನೆಲೆ ಹೂಡಿದಾಗ ಕೆಲವೇ ವಾರಗಳಲ್ಲಿ ಚಂಡಮಾರುತ ಅವನ ಹಡಗುಗಳನ್ನು ಹಾಳುಗೆಡವಿತು. 1698ರಲ್ಲಿ ಸ್ಪೇನಿನವರು ಮರಳಿ ಬಂದರು. ಹಲವು ಧ್ವಜಗಳು ಹಾರಿ ಇಳಿದ ಮೇಲೆ 1821ರಲ್ಲಿ ಊರು ಅಮೆರಿಕದ ವಶವಾಯಿತು. ಬೀದಿಗಳ ಹೆಸರುಗಳು ಮಾತ್ರ ಇಂದಿಗೂ ಝರಗೋಸಾ, ತರಗೋನಾ, ಇಂಟೆಂಡೆನ್ಸಿಯಾ.

ಈ ಝರಗೋಸಾ ಬೀದಿಯಲ್ಲಿ ಸುಮಾರು 1805ರಲ್ಲಿ ಕಟ್ಟಿದ ಪುಟ್ಟ ಮರದ ಮನೆಯೊಂದಿದೆ. ಮುಂದೆ ಅಂಗಳವಿಲ್ಲ, ಗೋಡೆ ನೇರವಾಗಿ ಬೀದಿಯಂಚಿಗೇ ಬಂದು ನಿಂತಿದೆ. ಚೌಕಟ್ಟಿನ ತೊಲೆಗಳನ್ನು ಮರದ ಮೊಳೆಗಳಿಂದಲೇ ಬೆಸೆಯಲಾಗಿದೆ. ನ್ಯೂ ಆರ್ಲಿಯನ್ಸಿನ ಕ್ರಿಯೋಲ್ ಮನೆಗಳನ್ನು ಕಂಡವರಿಗೆ ಇದರ ಚಹರೆ ಪರಿಚಿತವೇ. ಅರಮನೆಯಲ್ಲ, ಅಧಿಕಾರಿಯ ಬಂಗಲೆಯೂ ಅಲ್ಲ. ಇದರ ಒಡತಿ ಜೂಲಿ ಪಾಂಟನ್, ದಾಸ್ಯವೇ ನಿಯಮವಾಗಿದ್ದ ಕಾಲದ ಒಬ್ಬ ಸ್ವತಂತ್ರ ಕಪ್ಪು ಮಹಿಳೆ.

ಅದು ಹೇಗೆ ಸಾಧ್ಯವಾಯಿತೆಂಬುದಕ್ಕೆ ಸ್ಪ್ಯಾನಿಷ್ ಕಾನೂನಿನಲ್ಲಿ ಸ್ವಲ್ಪಮಟ್ಟಿನ ಉತ್ತರವಿದೆ. ಗುಲಾಮರು ಬೆಲೆ ಗೊತ್ತುಪಡಿಸಿಕೊಂಡು, ದುಡಿದು ಕೂಡಿಸಿದ ಹಣದಿಂದ ತಮ್ಮ ಬಿಡುಗಡೆಯನ್ನು ತಾವೇ ಕೊಳ್ಳಲು ಅದು ಅವಕಾಶ ನೀಡಿತ್ತು. ಅದನ್ನು ಔದಾರ್ಯವೆಂದು ಹೊಗಳಬೇಕಿಲ್ಲ. ಮನುಷ್ಯನಿಗೆ ಬೆಲೆ ಕಟ್ಟುವ ಕ್ರೌರ್ಯ ಅದರಲ್ಲೂ ಇತ್ತು. ಆದರೆ ಅಮೆರಿಕದ ಆಡಳಿತ ಬಂದ ಮೇಲೆ ಆ ಕಿರುಬಾಗಿಲೂ ಮುಚ್ಚುತ್ತ ಹೋಯಿತು. ಸ್ವತಂತ್ರರಾಗಿದ್ದವರ ಮೇಲೂ ನಿರ್ಬಂಧಗಳು ಬಿಗಿಯಾದವು. 1857ರಲ್ಲಿ ಅಂಥ ಅನೇಕ ಕುಟುಂಬಗಳು ಊರು ತೊರೆದು ಮೆಕ್ಸಿಕೋದ ಟ್ಯಾಂಪಿಕೋಗೆ ವಲಸೆ ಹೋದವು. ಜೂಲಿ ಇತರ ಗುಲಾಮರ ಬಿಡುಗಡೆಗೂ ಹಣ ತೆತ್ತಳೆಂದು ಜನರು ಹೇಳಿಕೊಂಡು ಬಂದಿದ್ದಾರೆ. ಅದು ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರೆ ಅವಳ ಘನತೆಗೇನೂ ಕುಂದಿಲ್ಲ.

ಮನೆ ಈಗ ಇರುವುದು ಅದರ ಮೂಲ ನಿವೇಶನದಲ್ಲಲ್ಲ. ಅದೇ ಬೀದಿಯ ಪಶ್ಚಿಮ ಭಾಗದಿಂದ ಸ್ಥಳಾಂತರಿಸಿ, ಇತರ ಹಳೆಯ ಮನೆಗಳ ಜೊತೆ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಸ್ಥಳ ಬಿಟ್ಟ ಮನೆ ಬೇರು ಕಿತ್ತ ಮರವಲ್ಲವೇ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲದಿಲ್ಲ. ಆದರೂ ಸೌದೆಯಾಗುವುದಕ್ಕಿಂತ ಇದು ಮೇಲು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಸಿಯುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ 'ಹಸ್ತಶಿಲ್ಪ'ವನ್ನು ನೋಡಿದವರಿಗೆ ಈ ಮಾತು ಹೊಸದಲ್ಲ.

ಹೊರದೇಶದಲ್ಲಿರುವ ನಮಗೆ ಇದು ದೂರದ ವಿಷಯವೂ ಅಲ್ಲ. ಊರಿನ ತೊಟ್ಟಿಮನೆಯ ಪಾಲುಪಟ್ಟಿಗೆ ಸಹಿ ಹಾಕಲು ವಾರದ ರಜೆಯಲ್ಲಿ ವಿಮಾನವೇರಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಕಂಬಗಳು ಯಾವುದೋ ರೆಸಾರ್ಟಿಗೆ, ಬಾಗಿಲುವಾಡ ಹಳೆಯ ಸಾಮಾನಿನ ಅಂಗಡಿಗೆ. ಎಲ್ಲ ಮನೆಗಳನ್ನೂ ಉಳಿಸಲಾಗದು. ಅಣ್ಣತಮ್ಮಂದಿರಿಗೂ ಅವರವರ ಕಷ್ಟಗಳಿವೆ. ಆದರೆ ಕೆಡಹುವ ಮುನ್ನ ಅಳತೆ ತೆಗೆದು, ಚಿತ್ರ ತೆಗೆದು, ಅಲ್ಲಿ ಬಾಳಿದವರ ಹೆಸರುಗಳನ್ನು ಬರೆದಿಡಲು ಎರಡು ದಿನ ಸಾಕು. ಹಕ್ಕುಪತ್ರದಲ್ಲಿ ಅಜ್ಜನ ಹೆಸರು ಹೇಗೂ ಇದೆ. ಅದೇ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದ ವಿಧವೆ ಸೋದರತ್ತೆಯ, ಕೊಟ್ಟಿಗೆಯ ಮಗ್ಗುಲಲ್ಲಿ ಮಲಗಿ ದುಡಿದ ಆಳಿನ ಹೆಸರುಗಳನ್ನು ಊರಿನ ಹಿರಿಯರನ್ನೇ ಕೇಳಬೇಕು. ಮುಂದಿನ ರಜೆಯ ಹೊತ್ತಿಗೆ ಅವರಲ್ಲಿ ಎಷ್ಟು ಮಂದಿ ಉಳಿದಿರುತ್ತಾರೋ!