ನೀರುನಾಯಿಯ ಚಿತ್ರವೂ ದಂಡೆಯ ಋಣವೂ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತುಂಗಭದ್ರೆಯ ದಂಡೆಯಲ್ಲಿ ತೆಗೆದ ನೀರುನಾಯಿಯ ಫೋಟೋಗಳನ್ನು ನಮ್ಮ ಬಳಗಕ್ಕೆಲ್ಲ ಕಳಿಸಿದ್ದ. ಬಿಲದ ಬಾಯಲ್ಲಿ ಎರಡು ಮರಿಗಳು, ಅವುಗಳ ಮುಂದೆ ಕುತ್ತಿಗೆ ಎತ್ತಿ ನಿಂತ ತಾಯಿ. ಅಲ್ಲಿಗೆ ಹೋಗುವ ದಾರಿಯನ್ನೂ ನಕ್ಷೆಯಲ್ಲಿ ಗುರುತಿಸಿ ಲಗತ್ತಿಸಿದ್ದ. ಎಲ್ಲರೂ ಹೊಗಳಿದರು. ನಾನು ಮಾತ್ರ ಫೋನ್ ಮಾಡಿ, ‘ಎಷ್ಟು ಹತ್ತಿರ ಹೋಗಿದ್ದೆಯಪ್ಪಾ? ಸುತ್ತಮುತ್ತ ಏನಿತ್ತು?’ ಎಂದು ಕೇಳಿದೆ. ‘ಹತ್ತು ಹೆಜ್ಜೆ ಸರ್. ಹಿಂದೆ ಮರಳಿನ ಲಾರಿ ನಿಂತಿತ್ತು, ಚಂದ ಕಾಣಲ್ಲ ಅಂತ ಅದನ್ನ ಬಿಟ್ಟು ತೆಗೆದೆ’ ಎಂದ. ನನ್ನ ಧ್ವನಿ ಬದಲಾದದ್ದು ಅವನಿಗೆ ತಿಳಿಯಿತು, ಬೇಸರವೂ ಆಯಿತು. ಕಾರಣ ಹೇಳದೆ ಗದರುವುದು ಮೇಷ್ಟ್ರಿಗೆ ತಕ್ಕುದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ತಾಯಿ ಕುತ್ತಿಗೆ ಎತ್ತಿದ್ದು ಚಿತ್ರಕ್ಕಾಗಿ ಅಲ್ಲ, ಭಯದಿಂದ. ನೀರುನಾಯಿಯ ಮರಿಗಳು ಹುಟ್ಟುವಾಗ ಕಣ್ಣು ತೆರೆದಿರುವುದಿಲ್ಲ. ಕೆಲವು ವಾರಗಳ ಕಾಲ ಬಿಲವೇ ಅವುಗಳ ಲೋಕ. ಅಲ್ಲಿಗೆ ಮನುಷ್ಯ ಬಂದನೆಂದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ನೆಲೆ ಹುಡುಕಬೇಕಾಗಬಹುದು. ಒಬ್ಬನೇ ಹೋದರೆ ಒಂದು ದಿನದ ಕಾಟ. ದಾರಿಯ ಗುರುತು ಹಂಚಿದರೆ ದಿನನಿತ್ಯದ ಕಾಟ. ನಮ್ಮೂರ ಹೆಸರು ಗೂಗಲ್ ಎಂದರೆ ನಗುವವರಿದ್ದಾರೆ. ಆ ಇನ್ನೊಂದು ಗೂಗಲ್ಲಿನ ನಕ್ಷೆಯಲ್ಲಿ ಬಾಣಂತಿಯ ಮನೆಯ ಬಾಗಿಲಿಗೆ ಗುರುತು ಹಾಕುವುದನ್ನು ಮಾತ್ರ ನಾನು ನಗೆಯ ವಿಷಯವೆಂದು ಭಾವಿಸಲಾರೆ.

‘ಚಿತ್ರ ನೋಡಿಯೇ ಜನರಿಗೆ ಪ್ರೀತಿ ಹುಟ್ಟುತ್ತದೆ’ ಎಂಬ ವಾದವಿದೆ. ಅದರಲ್ಲಿ ನಿಜವಿಲ್ಲವೆಂದು ನಾನು ಹೇಳುವುದಿಲ್ಲ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ದೇಶದಲ್ಲಿ ಈ ಪ್ರಾಣಿಗಾಗಿಯೇ ಮೀಸಲಾದ ಮೊದಲ ಪ್ರದೇಶವದು. ಆದರೆ ಬರಿಯ ಚಿತ್ರದಿಂದ ಹುಟ್ಟಿದ ಪ್ರೀತಿ ಎಲ್ಲಿಗೆ ಮುಟ್ಟೀತೆಂಬುದನ್ನೂ ನೋಡಬೇಕು. ಜಪಾನ್, ಥಾಯ್ಲೆಂಡ್‌ಗಳಲ್ಲಿ ಸಾಕಿದ ನೀರುನಾಯಿಯ ಮುದ್ದು ಚಿತ್ರಗಳನ್ನು ಕಂಡು ಮರಿಗಳನ್ನು ಕೊಳ್ಳುವ ಹುಚ್ಚು ಹಬ್ಬಿತು. 2019ರಲ್ಲಿ ಜಿನೀವಾದಲ್ಲಿ ಸೇರಿದ ಸೈಟಿಸ್ ಸಮ್ಮೇಳನವು ನಮ್ಮ ನದಿಗಳ ನುಣುಪು ತುಪ್ಪಳದ ನೀರುನಾಯಿಯ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು.

ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಬೇರೊಂದು ಜಾತಿಯ ನೀರುನಾಯಿ ಕಡಲದಂಡೆಯಲ್ಲಿ ಬಾಳುತ್ತದೆ. ಅದಕ್ಕೂ ತುಪ್ಪಳದ ಉಪ್ಪು ತೊಳೆಯಲು ಹತ್ತಿರದಲ್ಲಿ ಸಿಹಿನೀರು ಬೇಕು. ಬಲ್ಲ ಛಾಯಾಗ್ರಾಹಕರು ಅಲ್ಲಿ ತಮ್ಮ ವಾಸನೆ ಅದರ ಮೂಗಿಗೆ ಬಡಿಯದಂತೆ ಗಾಳಿಯ ದಿಕ್ಕು ನೋಡಿ, ಬಂಡೆಯ ಮರೆಯಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಬಿಲದಲ್ಲಿರುವ ನೀರುನಾಯಿಯನ್ನು ಕೆಣಕುವುದು ಆ ದೇಶದಲ್ಲಿ ಅಪರಾಧ. ನಮ್ಮಲ್ಲಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಕಾಯುವ ತಾಳ್ಮೆಯನ್ನು ಮಾತ್ರ ಕಾಯ್ದೆ ಕೊಡಲಾರದು.

ಇನ್ನು ಆ ಲಾರಿಯ ಮಾತು. ನೀರುನಾಯಿಗೆ ಮೀನಷ್ಟೇ ಸಾಲದು. ಬಿಲಕ್ಕೆ ಗಟ್ಟಿಯಾದ ದಂಡೆ ಬೇಕು, ಬಂಡೆಯ ಸಂದು ಬೇಕು, ನೀರಿನಿಂದ ಎದ್ದು ಮೈ ಒಣಗಿಸಿಕೊಳ್ಳಲು ಹೊರಳಾಡುವ ಮರಳು ಬೇಕು. ಆ ಮರಳನ್ನೇ ನಾವು ಹೊತ್ತೊಯ್ಯುತ್ತಿದ್ದೇವೆ. ಕೃಷ್ಣೆಯ ದಂಡೆಯ ನಮ್ಮ ದೇವದುರ್ಗ ಸೀಮೆಗೆ ಅಕ್ರಮ ಮರಳಿನ ಸುದ್ದಿ ಹೊಸದೇನಲ್ಲ. ಮರಳು ಹೋದ ಮೇಲೆ ದಂಡೆ ಕುಸಿಯುತ್ತದೆ, ದಂಡೆ ಕುಸಿದ ಮೇಲೆ ಬಿಲವೆಲ್ಲಿಯದು? ಇಷ್ಟು ತಿಳಿದೂ ಲಾರಿಯನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಆ ಚಿತ್ರ ಸುಳ್ಳು ಸಾಕ್ಷಿ ಹೇಳಿದಂತೆ. ನೋಡಿದವರು, ‘ಆಹಾ, ಹೊಳೆ ಚೆನ್ನಾಗಿದೆ’ ಎಂದುಕೊಂಡು ಸುಮ್ಮನಾಗುತ್ತಾರೆ. ಲಾರಿಯವನಿಗೆ ಬೇಕಾದದ್ದೂ ಆ ಸುಮ್ಮನಿರುವಿಕೆಯೇ.

ನಾನೇನು ಹೊಳೆಗೆ ದ್ರೋಹ ಮಾಡದವನಲ್ಲ. ಹುಡುಗನಾಗಿದ್ದಾಗ ಅಲ್ಲಮಪ್ರಭುವಿನ ಗುಡಿಗೆ ಹೋದವರು ಹೊಳೆಗಿಳಿದು, ನೀರಿನಲ್ಲಿ ಸಾಲಾಗಿ ತಲೆ ಎತ್ತಿದ ನೀರುನಾಯಿಗಳಿಗೆ ಗುರಿಯಿಟ್ಟು ಕಲ್ಲು ಎಸೆಯುತ್ತಿದ್ದೆವು. ಅವು ಮುಳುಗಿದರೆ ನಮಗೆ ನಗು. ದೊಡ್ಡವರಾರೂ ಬೇಡವೆನ್ನಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಾನೂ ನಿಮ್ಮನ್ನು ಒಂದು ಮುಂಜಾನೆಯಾದರೂ ದಂಡೆಯಲ್ಲಿ ಕೂಡಿಸಿ, ಮೀನಿನ ಪೊರೆ ಬೆರೆತ ಅವುಗಳ ಹಿಕ್ಕೆಯನ್ನಾಗಲಿ, ಬೆರಳ ನಡುವೆ ಜಾಲವುಳ್ಳ ಹೆಜ್ಜೆಯನ್ನಾಗಲಿ ತೋರಿಸಲಿಲ್ಲ. ಆದ್ದರಿಂದ ಈ ತಪ್ಪಿನಲ್ಲಿ ಮೇಷ್ಟ್ರ ಪಾಲೂ ಇದೆ.

ಕ್ಯಾಮೆರಾ ಕೆಳಗಿಡಿ ಎಂದು ನಾನು ಹೇಳುತ್ತಿಲ್ಲ. ಮರಿಗಳಿರುವ ಬಿಲದ ಹತ್ತಿರ ಹೋಗಬೇಡಿ. ಆಚೆ ದಡದಲ್ಲಿ ಕುಳಿತು ದೂರದಿಂದ ತೆಗೆಯಿರಿ. ಸಿಗದಿದ್ದರೆ ನೋಡಿದ್ದಷ್ಟೇ ಸಾಕೆಂದು ಎದ್ದು ಬನ್ನಿ. ಸ್ಥಳದ ಗುರುತು ಹಂಚಬೇಡಿ. ಲಾರಿ ಕಂಡರೆ ಅದನ್ನೂ ತೆಗೆಯಿರಿ, ತೆಗೆದದ್ದನ್ನು ಅರಣ್ಯ ಇಲಾಖೆಗೂ ತಹಸೀಲ್ದಾರರಿಗೂ ಕಳಿಸಿ. ಒಬ್ಬರಿಗೆ ಅಂಜಿಕೆಯೆನಿಸಿದರೆ ನಾಲ್ವರು ಸೇರಿ ಸಹಿ ಮಾಡಿ. ಮೊದಲ ಸಹಿ ನನ್ನದಿರಲಿ.

ಅಂದ ಹಾಗೆ, ಆ ಹುಡುಗ ನಿನ್ನೆ ರಾತ್ರಿ ನಕ್ಷೆಯ ಗುರುತನ್ನು ಅಳಿಸಿದ್ದಾನೆ. ಲಾರಿಯ ಚಿತ್ರ ತೆಗೆಯಲು ಮುಂದಿನ ಭಾನುವಾರ ಹೋಗುತ್ತಾನಂತೆ. ‘ಸರ್, ನೀವೂ ಬರ್ರಿ’ ಎಂದಿದ್ದಾನೆ. ಮೊಣಕಾಲು ಒಪ್ಪಿದರೆ ಹೋಗುವವನಿದ್ದೇನೆ.